ಸಂಬಳದ ಹಿಂದಿನ ರಾತ್ರಿ ನಿದ್ದೆ ಬರಬೇಕೇ? ಉದ್ಯಮದ ಖಜಾನೆಗೆ 12 ಸೂತ್ರಗಳು

ಪೀಣ್ಯದ ಮಷೀನ್ ಶಾಪ್ ಇರಲಿ, ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆ ಇರಲಿ, ಮಾಲೀಕರ ಬಾಯಲ್ಲಿ ಬರುವ ಮಾತು ಒಂದೇ: ‘ಆರ್ಡರ್ ಇದೆ, ರೊಟೇಷನ್ ಇಲ್ಲ.’ ಬ್ಯಾಲೆನ್ಸ್ ಶೀಟಿನಲ್ಲಿ ಲಾಭ ಇರುತ್ತದೆ, ಸಂಬಳದ ದಿನ ಓಡಿ ಲಿಮಿಟ್ ತಡಕಾಡಬೇಕಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಈ ತಲೆನೋವನ್ನು ಹೊರಲಿಕ್ಕೆಂದೇ ಟ್ರೆಷರಿ ವಿಭಾಗ ಇದೆ. ಸಣ್ಣ, ಮಧ್ಯಮ ಉದ್ಯಮಗಳಲ್ಲಿ ಮಾಲೀಕರು ಮತ್ತು ಅಕೌಂಟೆಂಟ್ ಸೇರಿದರೆ ಅದೇ ಟ್ರೆಷರಿ. 2020ರಿಂದ ಈಚೆಗೆ ಬ್ಯಾಂಕುಗಳು ಏಕಾಏಕಿ ಬಾಗಿಲು ಹಾಕಿದವು, ಬಡ್ಡಿ ಏರಿ ಇಳಿಯಿತು, ಕಳ್ಳರು ವಿಡಿಯೊ ಕರೆಯಲ್ಲೇ ಕಾಣಿಸಿಕೊಂಡರು. ಇಷ್ಟೆಲ್ಲದರಿಂದ ಕಲಿಯಬೇಕಾದ ಪಾಠ ಚಿಕ್ಕದು. ಹಣ ಎಷ್ಟು ದುಡಿಯುತ್ತದೆ ಎಂದು ಕೇಳುವ ಮೊದಲು, ಬೇಕಾದ ದಿನ ಅದು ಕೈಗೆ ಸಿಗುತ್ತದೆಯೇ ಎಂದು ಕೇಳಿ. ಮುಂದಿನ 12 ಸೂತ್ರಗಳೂ ಈ ಪ್ರಶ್ನೆಯಿಂದಲೇ ಹುಟ್ಟಿದವು.

1. ಹದಿಮೂರು ವಾರದ ಹಾಳೆ ಬರೆಯಿರಿ

ವರ್ಷದ ಬಜೆಟ್ ಬ್ಯಾಂಕಿಗೆ ತೋರಿಸಲು ಚೆನ್ನ. ವ್ಯವಹಾರ ನಡೆಸಲು ಬೇಕಾದದ್ದು ಮುಂದಿನ 13 ವಾರಗಳ ನಗದಿನ ಅಂದಾಜು. ಅದಕ್ಕೊಂದು ಎಕ್ಸೆಲ್ ಹಾಳೆ ಸಾಕು. ಹೋಗುವ ಹಣದ ತಾರೀಖುಗಳು ಮೊದಲೇ ಗೊತ್ತಿರುತ್ತವೆ: 7ಕ್ಕೆ ಸಂಬಳ ಮತ್ತು ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, ತಿಂಗಳ ರಿಟರ್ನ್ ಹಾಕುವವರಿಗೆ 20ಕ್ಕೆ ಜಿಎಸ್‌ಟಿ; ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ಕ್ಕೆ ಮುಂಗಡ ತೆರಿಗೆ. ಇವನ್ನು ಮೊದಲು ತುಂಬಿ.

ಬರುವ ಹಣದ ಕಾಲಂನಲ್ಲಿ ಎಚ್ಚರ ಬೇಕು. ಪಾರ್ಟಿಯವರು ‘ಈ ವಾರ ಹಾಕಿಬಿಡ್ತೀನಿ ಸರ್’ ಅಂದದ್ದನ್ನು ನಂಬಿ ತುಂಬಬೇಡಿ. ಅವರ ಕಳೆದ ಐದಾರು ಬಿಲ್ಲುಗಳು ನಿಜವಾಗಿ ಎಷ್ಟು ದಿನಕ್ಕೆ ಪಾಸಾದವು ಎಂದು ಲೆಜರ್ ತೆಗೆದು ನೋಡಿ, ಆ ಲೆಕ್ಕ ಬರೆಯಿರಿ. ಪ್ರತಿ ಸೋಮವಾರ ಕಳೆದ ವಾರದ ಅಂದಾಜು, ನಿಜ ಎರಡನ್ನೂ ಅಕ್ಕಪಕ್ಕ ಇಟ್ಟು, ಕೊನೆಗೆ ಹೊಸದೊಂದು ವಾರ ಸೇರಿಸಿ. ಡಿಸೆಂಬರ್ 15ಕ್ಕೆ ಪಿಎಫ್ ಮತ್ತು ಮುಂಗಡ ತೆರಿಗೆ ಒಂದೇ ದಿನ ಬರುತ್ತವೆ, ಐದೇ ದಿನಕ್ಕೆ ಜಿಎಸ್‌ಟಿ. ಆ ವಾರದ ಕೊರತೆ ಅಕ್ಟೋಬರ್‌ನಲ್ಲೇ ಹಾಳೆಯ ಮೇಲೆ ಕಂಡರೆ, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಸಮಾಧಾನವಾಗಿ ಮಾತಾಡಲು ಎರಡು ತಿಂಗಳು ಸಿಗುತ್ತದೆ.

2. ಬಾಕಿಯನ್ನು ದಿನಗಳಲ್ಲಿ ಅಳೆಯಿರಿ

‘ಮಾರ್ಕೆಟ್ಟಿನಲ್ಲಿ ನಮ್ಮದು ಒಂದು ಕೋಟಿ ನಿಂತಿದೆ’ ಅಂದರೆ ಏನೂ ತಿಳಿಯುವುದಿಲ್ಲ. ಎಷ್ಟು ದಿನದ ವ್ಯಾಪಾರ ನಿಂತಿದೆ ಎಂದು ನೋಡಿ. ವರ್ಷಕ್ಕೆ 6 ಕೋಟಿ ವಹಿವಾಟಿದ್ದರೆ ಒಂದು ದಿನದ ವ್ಯಾಪಾರ ಸುಮಾರು 1.64 ಲಕ್ಷ. ವಸೂಲಿಯನ್ನು 10 ದಿನ ಬೇಗ ಮಾಡಿದರೆ 16 ಲಕ್ಷಕ್ಕೂ ಹೆಚ್ಚು ಹಣ ಕೈಗೆ ಬರುತ್ತದೆ. ಶೇ 10ರ ಬಡ್ಡಿಯ ಓಡಿಯಲ್ಲಿ ಅಷ್ಟು ಸಾಲ ಕಡಿಮೆಯಾದರೆ ವರ್ಷಕ್ಕೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಉಳಿಯಿತು. ಹೊಸ ಗಿರಾಕಿ ಹುಡುಕದೆ, ಹೊಸ ಮಷೀನ್ ಹಾಕದೆ ಸಿಗುವ ಹಣ ಇದು.

ಮಾಲು ಹೋದ ದಿನವೇ ಬಿಲ್ ಕಳಿಸಿ. ಗಡುವಿಗೆ ಐದು ದಿನ ಮೊದಲೇ ಒಂದು ನೆನಪೋಲೆ ಹೋಗಲಿ. ಪರ್ಚೇಸ್ ಆರ್ಡರ್ ನಂಬರ್ ತಪ್ಪಿ ಬಿಲ್ ವಾಪಸ್ ಬರುವುದು ತಡಪಾವತಿಯ ಮಾಮೂಲಿ ಕಾರಣ. ಕಳಿಸುವ ಮೊದಲು ಎರಡು ನಿಮಿಷ ಕೊಟ್ಟು ಅದನ್ನು ನೋಡಿ.

3. ಕಾನೂನು ಕೊಟ್ಟ 45 ದಿನವನ್ನು ಬಳಸಿಕೊಳ್ಳಿ

ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ತಯಾರಕರಿಗೆ ಮತ್ತು ಸೇವಾ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆ ಬೆನ್ನಿಗಿದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಖರೀದಿದಾರರು ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಗಿರಾಕಿ ಕೈತಪ್ಪಬಹುದು ಎಂಬ ಹೆದರಿಕೆಗೆ ಈ ಬಡ್ಡಿಯನ್ನು ಕೇಳಿದವರು ಕಡಿಮೆ. ಆಟ ಬದಲಾಗಿದ್ದು ಆದಾಯ ತೆರಿಗೆಯ 43ಬಿ(ಎಚ್) ಬಂದ ಮೇಲೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ನಿಯಮದ ಪ್ರಕಾರ, ಗಡುವು ಮೀರಿ ಬಾಕಿ ಉಳಿಸಿಕೊಂಡ ಕಂಪನಿ ಆ ಖರ್ಚನ್ನು ಆ ವರ್ಷ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಹಣ ಕೊಟ್ಟ ವರ್ಷವೇ ಹಿಡಿಯಬೇಕು. ಹಾಗಾಗಿ ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ನಂಬರ್ ಎದ್ದು ಕಾಣಲಿ. ಅದನ್ನು ಕಂಡರೆ ಎದುರು ಕಂಪನಿಯ ಆಡಿಟರೇ ನಿಮ್ಮ ಪರವಾಗಿ ಒತ್ತಾಯಿಸುತ್ತಾರೆ.

ಎರಡನೇ ದಾರಿ ಟ್ರೆಡ್ಸ್. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಮುಂತಾದ ಈ ವೇದಿಕೆಗಳಲ್ಲಿ ಖರೀದಿದಾರರು ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಕೂಗುತ್ತವೆ. ನೀವು ಒಂದನ್ನು ಆರಿಸಿಕೊಂಡರೆ ಹಣ ಬರುತ್ತದೆ. ಖರೀದಿದಾರರು ಮುಂದೆ ಕೈಕೊಟ್ಟರೂ ಬ್ಯಾಂಕ್ ನಿಮ್ಮ ಮೇಲೆ ಬರುವಂತಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಮತ್ತು ಕೇಂದ್ರ ಸರ್ಕಾರಿ ಉದ್ದಿಮೆಗಳು ಇಲ್ಲಿ ನೋಂದಾಯಿಸಿಕೊಳ್ಳುವುದು ಈಗ ಕಡ್ಡಾಯ. ಎಚ್‌ಎಎಲ್, ಬಿಇಎಲ್‌ಗೆ ಬಿಡಿಭಾಗ ಕೊಡುವ ಬೆಂಗಳೂರಿನ ಘಟಕಗಳು ಈ ದಾರಿಯನ್ನು ವಿಚಾರಿಸದೆ ಬಿಡಬಾರದು.

4. ಹಣ ಹೋಗಿಬರಲು ಎರಡು ದಾರಿ ಇರಲಿ

2020ರ ಮಾರ್ಚ್ 5ರ ಸಂಜೆ ಆರ್‌ಬಿಐ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಠೇವಣಿದಾರರು ತೆಗೆಯಬಹುದಾದದ್ದು 50 ಸಾವಿರ ರೂಪಾಯಿ ಮಾತ್ರ. ಬೆಂಗಳೂರಿನ ಫೋನ್‌ಪೇ ತನ್ನ ಯುಪಿಐ ವ್ಯವಹಾರಕ್ಕೆ ಆಗ ನಂಬಿದ್ದು ಅದೊಂದೇ ಬ್ಯಾಂಕನ್ನು. ಬೆಳಗಾಗುವುದರೊಳಗೆ ಕೋಟ್ಯಂತರ ಜನರ ಆ್ಯಪ್ ನಿಂತುಹೋಯಿತು. ಎಂಜಿನಿಯರುಗಳು ಹಗಲು ರಾತ್ರಿ ಕೂತು ಐಸಿಐಸಿಐ ಬ್ಯಾಂಕಿಗೆ ವ್ಯವಸ್ಥೆ ವರ್ಗಾಯಿಸಿ, ಸುಮಾರು ಒಂದು ದಿನದಲ್ಲಿ ಸೇವೆಯನ್ನು ಮತ್ತೆ ಶುರು ಮಾಡಿದರು. ಅಷ್ಟು ದೊಡ್ಡ ತಂಡ ಇದ್ದವರಿಗೇ ಒಂದು ದಿನ ಹಿಡಿಯಿತು. ಹೊಸ ಕರೆಂಟ್ ಅಕೌಂಟ್ ತೆರೆಯಲು ನಿಮಗೆ ಎಷ್ಟು ದಿನ ಬೇಕು, ಲೆಕ್ಕ ಹಾಕಿ.

ಬ್ಯಾಂಕ್ ಗಟ್ಟಿಯಾಗಿದ್ದರೂ ತಂತ್ರಜ್ಞಾನ ಕೈಕೊಡಬಹುದು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ರ್‍ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿತು. ಸೋಂಕು ಹರಡದಂತೆ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದಾಗ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರ ಪಾವತಿ ನಿಂತಿತು. ಆ ಬ್ಯಾಂಕುಗಳ ತಪ್ಪು ಏನೂ ಇರಲಿಲ್ಲ.

ಎರಡನೇ ಬ್ಯಾಂಕಿನಲ್ಲಿ ಖಾತೆ ತೆರೆದು ಸುಮ್ಮನಿದ್ದರೆ ಸಾಲದು. ನೆಟ್ ಬ್ಯಾಂಕಿಂಗ್ ಸಕ್ರಿಯವಾಗಿರಲಿ, ನೌಕರರ ಮತ್ತು ಮುಖ್ಯ ಸರಬರಾಜುದಾರರ ಖಾತೆಗಳನ್ನು ಅಲ್ಲೂ ಸೇರಿಸಿಡಿ, ಒಂದು ತಿಂಗಳ ಸಂಬಳದಷ್ಟು ಹಣ ಅಲ್ಲಿರಲಿ. ಮೂರು ತಿಂಗಳಿಗೊಮ್ಮೆ ಒಂದು ಸಂಬಳವನ್ನು ಅಲ್ಲಿಂದಲೇ ಹಾಕಿ ನೋಡಿ. ಸಿಸಿ, ಓಡಿ ಸಾಲ ಇರುವವರ ಕರೆಂಟ್ ಅಕೌಂಟಿಗೆ ಆರ್‌ಬಿಐ ಷರತ್ತುಗಳಿವೆ, ಸಾಲ ಕೊಟ್ಟ ಬ್ಯಾಂಕನ್ನು ಕೇಳಿಯೇ ತೆರೆಯಿರಿ.

5. ಐದು ಲಕ್ಷದ ಗೆರೆ ನೆನಪಿರಲಿ

ಠೇವಣಿ ವಿಮೆಯ ಮಿತಿ 2020ರ ಫೆಬ್ರುವರಿ 4ರಂದು 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಇದು ಅಸಲು ಬಡ್ಡಿ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳನ್ನೂ ಕೂಡಿಸಿ, ಒಬ್ಬ ಠೇವಣಿದಾರನಿಗೆ ಸಿಗುವ ಮೊತ್ತ. ಕಂಪನಿಯ ಕರೆಂಟ್ ಅಕೌಂಟಿನಲ್ಲಿ 80 ಲಕ್ಷ ಇದ್ದರೂ ವಿಮೆ 5 ಲಕ್ಷಕ್ಕೇ. ಜಯನಗರ, ರಾಜಾಜಿನಗರ ಶಾಖೆಗಳಿಗೆ ಹಂಚಿಟ್ಟರೆ ಎರಡು ವಿಮೆ ಆಗುವುದಿಲ್ಲ.

ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಮೊದಲಿಗೆ ತೆಗೆಯಲು ಸಿಕ್ಕಿದ್ದು 35 ಸಾವಿರ ರೂಪಾಯಿ. ಜೀವಮಾನದ ಉಳಿತಾಯ ಇಟ್ಟಿದ್ದ ನಿವೃತ್ತರು ವರ್ಷಗಟ್ಟಲೆ ಅಲೆದರು. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆಯ ಹಣ ಕೊಡಬೇಕು. ಆದರೆ ಉದ್ಯಮಕ್ಕೆ 90 ದಿನ ಎಂದರೆ ಮೂರು ಸಂಬಳ. ಇನ್ನೊಂದು ಮಾತು: ಬ್ಯಾಂಕ್ ಪರವಾನಗಿ ಇಲ್ಲದ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆಯೇ ಇಲ್ಲ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ದುಡಿಮೆಯ ಬಂಡವಾಳವನ್ನು ಅಲ್ಲಿಡುವವರು ಇದನ್ನು ತಿಳಿದು ಇಡಲಿ.

6. ಬ್ಯಾಂಕಿನ ನಾಡಿಯನ್ನೂ ನೋಡಿ

ಸಾಲ ಕೊಡುವಾಗ ಬ್ಯಾಂಕ್ ನಿಮ್ಮ ಜಾತಕವನ್ನೆಲ್ಲ ಜಾಲಾಡುತ್ತದೆ. ನೀವು ಹಣ ಇಡುವಾಗ ಅದರ ಜಾತಕ ನೋಡಿದ್ದೀರಾ? 2023ರ ಮಾರ್ಚ್‌ನಲ್ಲಿ ಮುಳುಗಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮೇಲೆ ಕೆಟ್ಟ ಸಾಲದ ಹೊರೆ ಇರಲಿಲ್ಲ. ಸ್ಟಾರ್ಟಪ್‌ಗಳ ಹಣವನ್ನು ದೀರ್ಘಾವಧಿಯ ಸರ್ಕಾರಿ ಬಾಂಡುಗಳಲ್ಲಿ ಹೂಡಿತ್ತು. 2022ರಿಂದ ಬಡ್ಡಿ ಏರಿದಂತೆ ಆ ಬಾಂಡುಗಳ ಬೆಲೆ ಕುಸಿಯಿತು. ಹಣ ಹೊಂದಿಸಲು ಒಂದಷ್ಟು ಮಾರಿ, 180 ಕೋಟಿ ಡಾಲರ್ ನಷ್ಟ ಎಂದು ಮಾರ್ಚ್ 8ರಂದು ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ ಗ್ರಾಹಕರು ವಾಪಸ್ ಕೇಳಿದ್ದು 4,200 ಕೋಟಿ ಡಾಲರ್. 10ನೇ ತಾರೀಖು ಬ್ಯಾಂಕಿಗೆ ಬೀಗ ಬಿತ್ತು. ಠೇವಣಿಯಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ವಿಮೆಯ ಮಿತಿ ಮೀರಿದ್ದು. ಸರ್ಕಾರ ಎಲ್ಲರ ಹಣಕ್ಕೂ ಅಭಯ ಕೊಡುವವರೆಗೆ, ಅಲ್ಲಿ ಖಾತೆ ಇದ್ದ ಭಾರತೀಯ ಸ್ಟಾರ್ಟಪ್‌ಗಳೂ ವಾರಾಂತ್ಯವಿಡೀ ಜೀವ ಕೈಯಲ್ಲಿ ಹಿಡಿದು ಕೂತಿದ್ದವು.

ಆರು ತಿಂಗಳಿಗೊಮ್ಮೆ ನಾಲ್ಕು ವಿಷಯ ನೋಡಿ: ನಿವ್ವಳ ಎನ್‌ಪಿಎ ಏರುತ್ತಿದೆಯೇ, ಬಂಡವಾಳ ಅನುಪಾತ ಎಷ್ಟು (ವಾಣಿಜ್ಯ ಬ್ಯಾಂಕಿಗೆ ಮೀಸಲು ಸೇರಿ ಕನಿಷ್ಠ ಶೇ 11.5), ಠೇವಣಿಗೆ ಬೇರೆ ಬ್ಯಾಂಕುಗಳಿಗಿಂತ ವಿಪರೀತ ಬಡ್ಡಿ ಕೊಡುತ್ತಿದೆಯೇ, ಫಲಿತಾಂಶ ಪ್ರಕಟಿಸುವುದನ್ನು ಮುಂದೂಡುತ್ತಿದೆಯೇ. ಎಲ್ಲವೂ ಬ್ಯಾಂಕಿನ ವೆಬ್‌ಸೈಟಿನಲ್ಲಿ, ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಸಿಗುತ್ತವೆ.

7. ಉಳಿಕೆ ಹಣವನ್ನು ಮೂರು ಡಬ್ಬಿ ಮಾಡಿ

ಮೊದಲು ಸುರಕ್ಷತೆ, ಆಮೇಲೆ ತುರ್ತಿಗೆ ಸಿಗುವಿಕೆ, ಕೊನೆಗೆ ಬಡ್ಡಿ. ಈ ಕ್ರಮ ತಿರುಗುಮುರುಗಾದರೆ ಕೆಟ್ಟಿತು. ವಾರದೊಳಗೆ ಬೇಕಾದದ್ದು ಬ್ಯಾಂಕಿನಲ್ಲಿ ಅಥವಾ ಸ್ವೀಪ್ ಠೇವಣಿಯಲ್ಲಿ, ಮೂರು ತಿಂಗಳೊಳಗಿನದು ಓವರ್‌ನೈಟ್, ಲಿಕ್ವಿಡ್ ಫಂಡಿನಲ್ಲಿ, ಅದರಾಚೆಯದು ತಾರೀಖು ಹೊಂದಿಸಿದ ಎಫ್‌ಡಿಯಲ್ಲಿ ಅಥವಾ ಟ್ರೆಷರಿ ಬಿಲ್ಲಿನಲ್ಲಿ. ಬೇಕಾದ ದಿನ ಹಣ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ: 2020ರ ಏಪ್ರಿಲ್ 23ರಂದು ಮ್ಯೂಚುವಲ್ ಫಂಡ್ ಸಂಸ್ಥೆ ಫ್ರಾಂಕ್ಲಿನ್ ಟೆಂಪಲ್‌ಟನ್ ತನ್ನ ಆರು ಸಾಲಪತ್ರ ಫಂಡುಗಳಿಗೆ ಬೀಗ ಹಾಕಿತು. ಸಿಲುಕಿದ್ದು ಸುಮಾರು 25 ಸಾವಿರ ಕೋಟಿ. ಹೂಡಿದವರಿಗೆ ಕಾಲಕ್ರಮೇಣ ಹಣ ಬಂತು ನಿಜ. ಲಾಕ್‌ಡೌನಿನಲ್ಲಿ ಸಂಬಳ ಕೊಡಬೇಕಾಗಿದ್ದವರಿಗೆ ಅದು ಬರಬೇಕಾಗಿದ್ದ ಹೊತ್ತಿಗೆ ಬರಲಿಲ್ಲ.

8. ನಿಮ್ಮ ಬಡ್ಡಿ ಯಾವ ಗೂಟಕ್ಕೆ ಕಟ್ಟಿದೆ?

ರೆಪೊ ದರ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ಶೇ 4ರಿಂದ 6.5ಕ್ಕೆ ಏರಿತು, 2025ರ ಒಂದೇ ವರ್ಷದಲ್ಲಿ 5.25ಕ್ಕೆ ಇಳಿಯಿತು. 2 ಕೋಟಿ ಸಾಲದ ಮೇಲೆ ಒಂದು ಪರ್ಸೆಂಟ್ ಎಂದರೆ ವರ್ಷಕ್ಕೆ 2 ಲಕ್ಷ. ಏರಿದಾಗ ತಪ್ಪದೆ ಏರಿದ ನಿಮ್ಮ ಬಡ್ಡಿ ಇಳಿದಾಗಲೂ ಇಳಿಯಿತೇ? ಮಂಜೂರಾತಿ ಪತ್ರ ತೆಗೆದು ನೋಡಿ. ಕಿರು, ಸಣ್ಣ ಉದ್ಯಮಗಳ ಫ್ಲೋಟಿಂಗ್ ಸಾಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿ, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆ ಆಗಬೇಕು. ಹಳೆಯ ಎಂಸಿಎಲ್‌ಆರ್ (ಬ್ಯಾಂಕಿನ ಒಳದರಕ್ಕೆ ಕಟ್ಟಿದ) ಸಾಲ ಇದ್ದರೆ ಬದಲಿಸಿಕೊಡಿ ಎಂದು ಪತ್ರ ಬರೆಯಿರಿ. 2026ರ ಜನವರಿ 1ರಂದು ಅಥವಾ ಆಮೇಲೆ ಮಂಜೂರಾದ ಅಥವಾ ನವೀಕರಿಸಿದ ಇಂಥ ಫ್ಲೋಟಿಂಗ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ವಾಣಿಜ್ಯ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಬೇರೆ ಬ್ಯಾಂಕಿಗೆ ಹೋಗುವ ಮಾತೆತ್ತಲು ಈಗ ನಿಮಗೆ ಬಲ ಬಂದಿದೆ.

9. ಡಾಲರ್ ಜೂಜು ಬೇಡ

2022ರ ಆರಂಭದಲ್ಲಿ ಡಾಲರಿಗೆ 75ರ ಆಸುಪಾಸಿನಲ್ಲಿದ್ದ ರೂಪಾಯಿ 2025ರ ಡಿಸೆಂಬರಿನಲ್ಲಿ 90 ದಾಟಿತು. ಒಂದು ಲಕ್ಷ ಡಾಲರಿನ ಬಿಲ್ಲಿನಲ್ಲಿ ಒಂದು ರೂಪಾಯಿ ಅಲ್ಲಾಡಿದರೆ ಒಂದು ಲಕ್ಷ ರೂಪಾಯಿ ಆಚೀಚೆ. ಆಮದುದಾರರು ಉಸಿರು ಬಿಗಿಹಿಡಿಯುತ್ತಾರೆ, ರಫ್ತುದಾರರು ‘ಇನ್ನೂ ಬೀಳಲಿ’ ಎಂದು ಕಾಯುತ್ತಾರೆ. ಎರಡೂ ಜೂಜೇ. ಚಿಕ್ಕಮಗಳೂರಿನ ಕಾಫಿ ರಫ್ತುದಾರರಿಗಂತೂ ತೂಗುಕತ್ತಿ ಎರಡು: ರೋಬಸ್ಟಾ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಏರಿಳಿಯುತ್ತದೆ, ಅದರ ಮೇಲೆ ಡಾಲರ್.

ನಿಯಮ ಬರೆದಿಟ್ಟುಕೊಳ್ಳಿ: ಖಚಿತವಾದ ಆರ್ಡರಿನ ಅರ್ಧದಷ್ಟಾದರೂ ಮೊತ್ತಕ್ಕೆ ಆರ್ಡರ್ ಬಂದ ವಾರವೇ ಫಾರ್ವರ್ಡ್ ಕವರ್, ಅಂದರೆ ಮುಂದಿನ ದಿನದ ಡಾಲರ್ ದರವನ್ನು ಬ್ಯಾಂಕಿನೊಂದಿಗೆ ಇವತ್ತೇ ಗೊತ್ತುಮಾಡುವುದು. ಆಮೇಲೆ ದರ ಎತ್ತ ಹೋದರೂ ಪಶ್ಚಾತ್ತಾಪ ಪಡಬೇಡಿ, ಲಾಭ ಬರಬೇಕಾದದ್ದು ನಿಮ್ಮ ಮಾಲಿನಲ್ಲಿ. ಬ್ಯಾಂಕ್ ಹೇಳಿದ ದರವನ್ನು ಹಾಗೇ ಒಪ್ಪಬೇಡಿ. ಸಿಸಿಐಎಲ್‌ನ ಎಫ್‌ಎಕ್ಸ್-ರಿಟೇಲ್ ವೇದಿಕೆ 2019ರಿಂದ ಇದೆ, ಮಾರುಕಟ್ಟೆಯ ದರ ಅಲ್ಲಿ ಕಾಣುತ್ತದೆ. ಅದನ್ನು ನೋಡಿದ್ದೀರಿ ಎಂದು ಗೊತ್ತಾದರೆ ಸಾಕು, ಎಷ್ಟೋ ಸಲ ಬ್ಯಾಂಕಿನ ಮಾರ್ಜಿನ್ ಇಳಿಯುತ್ತದೆ.

10. ಒಬ್ಬರೇ ಹಣ ಕಳಿಸುವಂತಿರಬಾರದು

2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆಯ ಮೊತ್ತ 13 ಸಾವಿರ ಕೋಟಿಗೂ ಹೆಚ್ಚು. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೋದ ಸಾಲ ಖಾತರಿಯ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ದಾಖಲಾಗಲೇ ಇಲ್ಲ, ಯಾಕೆಂದರೆ ಎರಡು ವ್ಯವಸ್ಥೆಗಳ ನಡುವೆ ಕೊಂಡಿ ಇರಲಿಲ್ಲ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಹಾಕಿದವರು ರಜೆಯ ಲೆಕ್ಕ ಹಾಕಿಯೇ ಬಂದಿದ್ದರು: ಢಾಕಾದಲ್ಲಿ ಶುಕ್ರವಾರ, ನ್ಯೂಯಾರ್ಕಿನಲ್ಲಿ ವಾರಾಂತ್ಯ, ಮನಿಲಾದಲ್ಲಿ ಚೀನೀ ಹೊಸವರ್ಷ. 8.1 ಕೋಟಿ ಡಾಲರ್ ಮನಿಲಾ ಸೇರಿತು. ಶ್ರೀಲಂಕಾಕ್ಕೆ ಹೋದ 2 ಕೋಟಿ ಡಾಲರ್ ಉಳಿದದ್ದು, ಸಂದೇಶದಲ್ಲಿ ‘ಫೌಂಡೇಶನ್’ ಪದದ ಕಾಗುಣಿತ ತಪ್ಪಿದ್ದನ್ನು ಯಾರೋ ಗಮನಿಸಿದ್ದರಿಂದ.

ಕಳ್ಳರ ಕಾಗುಣಿತವನ್ನು ನಂಬಿ ಕೂರಲಾಗದು. ಎಂಟ್ರಿ ಹಾಕುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು, ಎರಡು ಬೇರೆ ಫೋನಿಗೆ ಒಟಿಪಿ. ಮಾಲೀಕರ ಪಾಸ್‌ವರ್ಡ್ ಅಕೌಂಟೆಂಟ್ ಡೈರಿಯಲ್ಲಿದ್ದರೆ ಇದೆಲ್ಲ ನಾಟಕ. ಬ್ಯಾಂಕ್ ಲೆಕ್ಕವನ್ನು ಪ್ರತಿದಿನ ತಾಳೆ ನೋಡಿ, ದೀರ್ಘ ರಜೆಯ ಹಿಂದಿನ ದಿನ ಎರಡು ಸಲ. ಹಣ ಮುಟ್ಟುವ ಪ್ರತಿ ನೌಕರರೂ ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆ ಹೋಗಲಿ, ಆಗ ಅವರ ಕೆಲಸ ಇನ್ನೊಬ್ಬರ ಕೈಗೆ ಬರುತ್ತದೆ.

11. ಕಣ್ಣಾರೆ ಕಂಡರೂ ವಾಪಸ್ ಕರೆ ಮಾಡಿ

ಬ್ರಿಟನ್ ಮೂಲದ ಅರೂಪ್ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರಿಗೆ ಗುಪ್ತ ವ್ಯವಹಾರದ ಇಮೇಲ್ ಬಂದಾಗ ಅನುಮಾನವೇ ಬಂದಿತ್ತು. ಆಮೇಲೆ ವಿಡಿಯೊ ಕರೆಯಲ್ಲಿ ಹಣಕಾಸು ಮುಖ್ಯಸ್ಥರು, ಸಹೋದ್ಯೋಗಿಗಳು ಕಾಣಿಸಿದರು. ಅನುಮಾನ ಹೋಯಿತು. 15 ಕಂತುಗಳಲ್ಲಿ ಸುಮಾರು 2.5 ಕೋಟಿ ಡಾಲರ್ ಕಳಿಸಿಯಾಯಿತು. ಆ ಕರೆಯಲ್ಲಿ ಕಂಡ ಮುಖಗಳು ಡೀಪ್‌ಫೇಕ್.

ನಮ್ಮಲ್ಲಿ ಹೆಚ್ಚಾಗಿ ಬರುವ ವೇಷ ಬೇರೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಪೇಮೆಂಟ್ ಇದಕ್ಕೆ ಹಾಕಿ’ ಎಂದು ಸರಬರಾಜುದಾರರ ಹೆಸರಲ್ಲಿ ಮೇಲ್. ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಹಳೆಯ ದಾಖಲೆಯಲ್ಲಿರುವ ನಂಬರಿಗೆ ಮಾಡಿ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಹಣ ಕಳಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯ ಇದೆ, ಅದನ್ನು ಬಿಡಬೇಡಿ. ಬ್ಯಾಂಕುಗಳ ಅಧಿಕೃತ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುತ್ತದೆ, ಲಿಂಕ್ ಒತ್ತುವ ಮೊದಲು ಬಾಲ ನೋಡಿ. ಮೋಸ ಆಯಿತು ಎನಿಸಿದ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಒಂದೆರಡು ಗಂಟೆಯಲ್ಲಿ ತಡೆಯದಿದ್ದರೆ ಹಣ ಹತ್ತಾರು ಖಾತೆಗೆ ಹಂಚಿಹೋಗುತ್ತದೆ.

12. ಮೊದಲು ಲೆಕ್ಕ ತೊಳೆಯಿರಿ, ಆಮೇಲೆ ಎಐ

ನಗದಿನ ಅಂದಾಜು ಹೇಳುವ, ಬಿಲ್ಲಿಗೂ ಪಾವತಿಗೂ ಜೋಡಿ ಹುಡುಕುವ ಎಐ ತಂತ್ರಾಂಶಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೆ ಒಂದೇ ಪಾರ್ಟಿ ನಿಮ್ಮ ಟ್ಯಾಲಿಯಲ್ಲಿ ಮೂರು ಹೆಸರಲ್ಲಿದ್ದರೆ ಎಐ ಮೂರು ಪಾರ್ಟಿ ಎಂದೇ ಓದುತ್ತದೆ. ಮೊದಲು ಮಾಸ್ಟರ್ ಪಟ್ಟಿ ಶುದ್ಧಮಾಡಿ. ಗಿರಾಕಿಗೊಂದು ವರ್ಚುವಲ್ ಅಕೌಂಟ್ ನಂಬರ್ ಕೊಡಿಸಿ, ಹಣ ಯಾರದೆಂದು ಬಂದ ಕೂಡಲೇ ತಿಳಿಯುತ್ತದೆ. ಸಾಲಕ್ಕೆ ಸ್ಟೇಟ್‌ಮೆಂಟಿನ ಪಿಡಿಎಫ್ ಕಳಿಸುವ ಬದಲು ಅಕೌಂಟ್ ಅಗ್ರಿಗೇಟರ್ ಮೂಲಕ ಒಪ್ಪಿಗೆ ಕೊಡಿ. ಯಾವ ಮಾಹಿತಿ, ಎಷ್ಟು ದಿನ ಎಂಬ ಮಿತಿ ನಿಮ್ಮ ಕೈಯಲ್ಲಿರುತ್ತದೆ, ಬೇಡವೆಂದಾಗ ಒಪ್ಪಿಗೆ ಹಿಂಪಡೆಯಬಹುದು. ಎಐ ಸಲಹೆ ಕೊಡಲಿ, ‘ಪಾವತಿಸು’ ಬಟನ್ ಮನುಷ್ಯರ ಕೈಯಲ್ಲೇ ಇರಲಿ.

ಹನ್ನೆರಡನ್ನೂ ಒಟ್ಟಿಗೆ ಹಿಡಿದರೆ ಒಂದೂ ಆಗುವುದಿಲ್ಲ. ಇಬ್ಬರ ಒಪ್ಪಿಗೆಯ ನಿಯಮವನ್ನು ಇವತ್ತೇ ನೆಟ್ ಬ್ಯಾಂಕಿಂಗಿನಲ್ಲಿ ಹಾಕಿಸಿ. ಈ ವಾರ ಎರಡನೇ ಬ್ಯಾಂಕಿಗೆ ಅರ್ಜಿ ಕೊಡಿ. ಬರುವ ಸೋಮವಾರ 13 ವಾರದ ಹಾಳೆ ಶುರು ಮಾಡಿ. ಈ ಮೂರಕ್ಕೆ ಬೇಕಾದದ್ದು ನಿಮ್ಮ ಸಮಯ ಮಾತ್ರ. ಉಳಿದ ಒಂಬತ್ತರಲ್ಲಿ ಯಾವುದು ನಿಮಗೆ ಮೊದಲು ಬೇಕು ಎಂಬುದನ್ನು ನಾಲ್ಕು ವಾರ ಆ ಹಾಳೆ ತುಂಬಿದ ಮೇಲೆ ಯಾರನ್ನೂ ಕೇಳಬೇಕಾಗಿಲ್ಲ, ಕೊರತೆ ಬಿದ್ದ ವಾರವೇ ಹೇಳುತ್ತದೆ.